ಆರಿದ್ರಾ ಅಥವಾ ಉಪ್ಪಿನಾಗರದ ಕಂದೀಲು

ಪ್ರೊಫೆಸರರು ಚಹಾ ಕುಡಿದು ಅದು ಚೆನ್ನಾಗಿದೆ ಎಂದಾಗಲಿ, ಕೆಟ್ಟಿದೆ ಎಂದಾಗಲಿ ಹೇಳಿದ್ದನ್ನು ನಾನು ಕೇಳಿಲ್ಲ. "ನಿನ್ನಿ ಚಹಾಕ್ಕಿಂತ ಎರಡು ಮೆಟ್ಟಲ ಕಡಿಮಿ, ಸೋಮವಾರದ್ದಕ್ಕಿಂತ ಒಂದು ಮೆಟ್ಟಲ ಹೆಚ್ಚು," ಎನ್ನುತ್ತಿದ್ದರು.

"ಸೋಮವಾರ ಚಹಾ ಮಾಡಿದವರು ನೀವ," ಎಂದು ಅಡಿಗೆಮನೆಯಿಂದ ಅವರ ಹೆಂಡತಿ ಹೇಳುತ್ತಿದ್ದರು. ಅವರನ್ನು ನಾನು ಕಾಕು ಎಂದು ಕರೆಯುತ್ತಿದ್ದೆ. ಧಾರವಾಡದ ಕಡೆಯವರು ಹಾಗೆ ಕರೆಸಿಕೊಳ್ಳುತ್ತಾರೆ ಎಂದು ಮೊದಲ ದಿನವೇ ಅವರೇ ಹೇಳಿಕೊಟ್ಟಿದ್ದರು.

ಚಹಾದ ಬಗ್ಗೆ ಆಡುವ ಈ ಮಾತು ತಮಾಷೆಯಲ್ಲ, ಅವರ ಕಸುಬು. ಕೆಲವು ನಕ್ಷತ್ರಗಳ ಬೆಳಕು ಹೆಚ್ಚುತ್ತದೆ, ಕುಗ್ಗುತ್ತದೆ. ಅದನ್ನು ಬರಿಗಣ್ಣಿನಿಂದ ಅಳೆಯಬೇಕಾದರೆ ಅಕ್ಕಪಕ್ಕದಲ್ಲಿ ಬೆಳಕು ಬದಲಾಗದ ಎರಡು ನಕ್ಷತ್ರಗಳನ್ನು ಆರಿಸಿಕೊಳ್ಳಬೇಕು. ನಮ್ಮದು ಮೊದಲನೆಯದಕ್ಕಿಂತ ಎಷ್ಟು ಮೆಟ್ಟಿಲು ಮಂದ, ಎರಡನೆಯದಕ್ಕಿಂತ ಎಷ್ಟು ಮೆಟ್ಟಿಲು ಪ್ರಖರ ಎಂದು ಬರೆಯಬೇಕು. ಅಷ್ಟೆ. ಪ್ರೊಫೆಸರರು ಮುಂಬಯಿಯ ವಿಶ್ವವಿದ್ಯಾಲಯವೊಂದರಲ್ಲಿ ಗಣಿತದ ಹುಡುಗರಿಗೆ ಖಗೋಳಶಾಸ್ತ್ರ ಕಲಿಸುತ್ತ, ಸಂಜೆಯಾದ ಮೇಲೆ ವಡಾಲದ ತಮ್ಮ ಬಿಲ್ಡಿಂಗಿನ ತಾರಸಿಯ ಮೇಲೆ ಹಾಗೆ ಬರೆಯುತ್ತ, ಹುಡುಗರಿಂದ ಬರೆಸುತ್ತ ಸುಮಾರು ಮೂವತ್ತು ವರ್ಷ ಕಳೆದವರು. ಏನನ್ನೂ ಕಂಡುಹಿಡಿಯಲಿಲ್ಲ. ಕಂಡುಹಿಡಿಯುವುದು ಬೇರೆಯವರ ಕೆಲಸ, ಅವರಿಗೆ ಬೇಕಾದಾಗ ನಂಬಬಹುದಾದ ಅಂಕಿಗಳು ಎಲ್ಲಾದರೂ ಇರಬೇಕು, ಅದು ನನ್ನ ಕೆಲಸ ಎನ್ನುತ್ತಿದ್ದರು.

ನನ್ನ ಕೆಲಸ ಆ ಅಂಕಿಗಳನ್ನು ಪಟ್ಟಿ ಮಾಡುವುದಾಗಿತ್ತು. ನಾನು ಆಗ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ತಾತ್ಕಾಲಿಕವಾಗಿ ಸೇರಿಕೊಂಡಿದ್ದೆ. ಉಡುಪಿ ಕಡೆಯವಳು, ಸಾಂತಾಕ್ರೂಜಿನಲ್ಲಿ ಅಣ್ಣನ ಮನೆಯಲ್ಲಿ ಇದ್ದೆ. ಅಣ್ಣ ಹೋಟೆಲೊಂದರಲ್ಲಿ ಮೆನೇಜರು. "ಎಂಥ, ನಕ್ಷತ್ರ ಲೆಕ್ಕ ಮಾಡ್ಲಿಕ್ಕೆ ಸಂಬಳ ಕೊಡ್ತಾರಾ?" ಎಂದು ಕೇಳಿದ. "ನಕ್ಷತ್ರ ಅಲ್ಲ ಅಣ್ಣ, ಕಾಗದ," ಎಂದೆ. "ಹಾಗಾದರೆ ಪರವಾಗಿಲ್ಲ," ಎಂದ. ಬೆಳಿಗ್ಗೆ ಲೋಕಲ್ ಹಿಡಿದು ದಾದರಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ವಡಾಲಕ್ಕೆ ಹೋಗುತ್ತಿದ್ದೆ. ಲೈಬ್ರರಿಗೇ ಹೋಗಬೇಕಾಗಿದ್ದ ನಾನು ಪ್ರೊಫೆಸರರ ಮನೆಗೆ ಹೋಗಬೇಕಾಗಿ ಬಂದದ್ದು ಯಾಕೆಂದರೆ ವಿಶ್ವವಿದ್ಯಾಲಯದಲ್ಲಿದ್ದ ಅವರ ಕೋಣೆಯನ್ನು ಸಂಖ್ಯಾಶಾಸ್ತ್ರದವರಿಗೆ ಕೊಟ್ಟುಬಿಟ್ಟಿದ್ದರು. ಕಾಗದಗಳೆಲ್ಲ ಟ್ರಂಕುಗಳಲ್ಲಿ ತುಂಬಿ, ಕೈಗಾಡಿಯಲ್ಲಿ ಮೂರನೇ ಮಾಳಿಗೆಯ ಎರಡು ಕೋಣೆಯ ಮನೆಗೆ ಬಂದಿದ್ದವು.

ಟ್ರಂಕುಗಳ ಬಣ್ಣ ಹಸಿರು ಎಂದು ಹಿಂದೊಮ್ಮೆ ಬರೆದಿದ್ದೇನೆ. ಈಗ ಕಣ್ಣು ಮುಚ್ಚಿದರೆ ಕಪ್ಪು ಕಾಣುತ್ತವೆ. ಪ್ರೊಫೆಸರರ ರೀತಿಯಲ್ಲಿ ಹೇಳುವುದಾದರೆ, ಕಪ್ಪಿಗಿಂತ ಎರಡು ಮೆಟ್ಟಿಲು ಹಸಿರು, ಹಸಿರಿಗಿಂತ ಮೂರು ಮೆಟ್ಟಿಲು ಕಪ್ಪು. ಅವು ಮಂಚದ ಕೆಳಗೆ ಇದ್ದವು, ಮಂಚದ ಬದಿಗೆ ಇದ್ದವು, ಒಂದು ಮಂಚದ ಮೇಲೂ ಇತ್ತು. ಕುರ್ಚಿಗಳನ್ನು ಪಕ್ಕದ ಮನೆಗೆ ಸಾಗಿಸಿದ್ದರಿಂದ ಬಂದವರು ಟ್ರಂಕಿನ ಮೇಲೆ ಕೂರಬೇಕಿತ್ತು. ಇದರಲ್ಲಿ ಸಂಶಯವಿಲ್ಲ, ಯಾಕೆಂದರೆ ಬೀಗದ ಕೊಂಡಿ ಚುಚ್ಚಿದ ಜಾಗ ನೆನಪಿದೆ.

"ಅವು ಹೋಗಬೇಕು, ಇಲ್ಲಾ ನಾ ಹೋಗಬೇಕು," ಎಂದರು ಕಾಕು ಮೊದಲ ದಿನ. "ಊರಿನ ಗಾಡಿ ಯಾವಾಗ ಬಿಡ್ತದ ಅಂತ ನನಗೂ ಗೊತ್ತದ."

"ಹೋಗ್ತಾವ, ಹೋಗ್ತಾವ," ಎಂದರು ಪ್ರೊಫೆಸರರು. "ಕಾಚಿನ ಬಾಗಲದ ಕಪಾಟಿಗೆ ಹೋಗ್ತಾವ."

ವಿಷಯ ಇದು. ಮಳೆಗಾಲಕ್ಕೆ ಪ್ರೊಫೆಸರರ ನಿವೃತ್ತಿ. ಅವರ ಕಾಗದಗಳು ಇಡುವ ಹಾಗಿದ್ದರೆ ಲೈಬ್ರರಿಯ ಒಳಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಕೊಡುತ್ತೇವೆ, ಮೇಲೆ ಅವರ ಹೆಸರು ಹಾಕುತ್ತೇವೆ, ಇಲ್ಲದಿದ್ದರೆ ಅವರ ಕಾಗದ ಅವರಿಗೆ ಎಂದು ವಿಶ್ವವಿದ್ಯಾಲಯ ಹೇಳಿತ್ತು. ನೋಡಿ ತೀರ್ಮಾನಿಸಲು ಮೂವರ ಸಮಿತಿ ಜೂನ್ ಮೊದಲಲ್ಲಿ ಮನೆಗೇ ಬರುವುದಿತ್ತು. ಅಷ್ಟರಲ್ಲಿ ಪ್ರತಿ ಕಟ್ಟಿನ ಮೇಲೂ ಒಳಗೆ ಏನಿದೆ ಎಂದು ಚೀಟಿ ಅಂಟಿಸುವುದು ನನ್ನ ಜವಾಬ್ದಾರಿ. ಸಮಿತಿ ಬೇಡವೆಂದರೆ ಆ ಮೂವತ್ತು ವರ್ಷ ಬಿಲ್ಡಿಂಗಿನ ಕೆಳಗೆ ಕೂಗಿಕೊಂಡು ಹೋಗುವ ರದ್ದಿಯವನ ತಕ್ಕಡಿಗೆ ಏರುತ್ತಿತ್ತು. ಕಾಕು ಆ ಮಾತನ್ನು ಆಡುತ್ತಿರಲಿಲ್ಲ. ಆದರೆ ರದ್ದಿಯವನ ಕೂಗು ಕೇಳಿದಾಗ ಪ್ರೊಫೆಸರರು ಎದ್ದು ಕಿಟಕಿ ಮುಚ್ಚುತ್ತಿದ್ದರು.

ಅವರ ನೋಡುವಿಕೆ ನಿಂತು ಆಗಲೇ ಕೆಲವು ವರ್ಷಗಳಾಗಿದ್ದವು. ಕಣ್ಣಿಗೆ ಪೊರೆ ಬರುವುದಕ್ಕೂ, ಚೆಂಬೂರಿನ ಆಚೆ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಗಳ ಚಿಮಣಿಯ ಮೇಲೆ ಬೆಂಕಿ ಹೊತ್ತಿಕೊಳ್ಳುವುದಕ್ಕೂ ಸರಿಹೋಗಿತ್ತು. ಆದರೂ ದಿನಾ ಮಧ್ಯಾಹ್ನ ಕಾಕು ಸಣ್ಣ ಬಟ್ಟಲಲ್ಲಿ ಎಣ್ಣೆ ಬಿಸಿಮಾಡಿ ತಂದು ಗಂಡನ ಕುತ್ತಿಗೆಯ ಹಿಂದೆ ತಿಕ್ಕುತ್ತಿದ್ದರು.

"ಮಂದಿ ಗಂಡಂದಿರು ಬರದು ಬರದು ಮುಂದ ಬಗ್ತಾರ," ಎನ್ನುತ್ತಿದ್ದರು ನನ್ನ ಕಡೆ ನೋಡಿ. "ನಮ್ಮವರು ಹಿಂದ ಬಗ್ಯಾರ. ಮ್ಯಾಲ ನೋಡಿ ನೋಡಿ. ನೋಡೂದು ಬಿಟ್ಟು ಎಷ್ಟ ದಿನ ಆತು, ಕುತ್ತಿಗಿಗೆ ಇನ್ನೂ ಸುದ್ದಿ ಮುಟ್ಟಿಲ್ಲ."

"ಎಡಕ್ಕ, ಎಡಕ್ಕ," ಎನ್ನುತ್ತಿದ್ದರು ಪ್ರೊಫೆಸರರು.

ಕೆಲಸ ಸಲೀಸಾಗಿ ನಡೆಯಿತು ಎಂದು ಬರೆಯಬಹುದು. ಕೆಲವು ದಿನ ನಡೆಯಿತು ಕೂಡ. ಆಮೇಲೆ ಒಂದು ಕಟ್ಟು ಕೈಗೆ ಬಂತು. ಅದರಲ್ಲಿದ್ದ ನಕ್ಷತ್ರವನ್ನು ಜುಲೈ ತಿಂಗಳಿಡೀ ಒಂದು ದಿನವೂ ಬಿಡದೆ ನೋಡಿ ಬರೆದಿದ್ದರು. ಆಗಸ್ಟಿನಲ್ಲೂ ಅಷ್ಟೆ. ಮುಂಬಯಿಯ ಮಳೆಯನ್ನು ನಾನು ಆಗಷ್ಟೇ ಕಂಡವಳಲ್ಲ. "ಸರ್, ಇದು ಯಾವ ನಕ್ಷತ್ರ?" ಎಂದು ಕೇಳಿದೆ.

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು. ಕಾಕು ಅಡಿಗೆಮನೆಯಲ್ಲಿ ನಗಲು ಶುರುಮಾಡಿದರು. "ಹೇಳ್ರಿ, ಹೇಳ್ರಿ ಆಕೀಗೆ. ಶ್ರಾವಣದಾಗ ಮುಂಬೈದಾಗ ಯಾವ ಚಿಕ್ಕಿ ಕಂಡೀತು?"

"ಅದು ನಕ್ಷತ್ರ ಅಲ್ಲ, ತಂಗಿ," ಎಂದರು ಪ್ರೊಫೆಸರರು. "ರೇಲ್ವೆ ಸಿಗ್ನಲ್ ದೀಪ."

ಮಳೆಗಾಲದ ನಾಲ್ಕು ತಿಂಗಳು ಆಕಾಶ ಮುಚ್ಚಿರುತ್ತದೆ. ಅಷ್ಟು ದಿನ ಬಿಟ್ಟರೆ ಹುಡುಗರ ಕಣ್ಣಿಗೆ ಜಡ್ಡು ಹಿಡಿಯುತ್ತದೆ ಎಂದು ಪ್ರೊಫೆಸರರು ಅವರನ್ನು ತಾರಸಿಯ ಮೇಲೆ ಕೊಡೆ ಹಿಡಿಸಿ ನಿಲ್ಲಿಸಿ, ಊರಿನ ದೀಪಗಳ ಮೇಲೆ ಅಭ್ಯಾಸ ಮಾಡಿಸುತ್ತಿದ್ದರಂತೆ. ಹಾರ್ಬರ್ ಲೈನಿನ ಸಿಗ್ನಲ್ಲು, ಬಂದರಿನ ಕಡೆಯ ಗೋದಾಮಿನ ದೀಪ, ಎದುರು ಬಿಲ್ಡಿಂಗಿನ ಮಾಳಿಗೆ ಹತ್ತುವ ಜಿನೆಯ ಬಲ್ಬು. ಇದು ಗೋದಾಮಿಗಿಂತ ಎರಡು ಮೆಟ್ಟಿಲು ಮಂದ, ಬಲ್ಬಿಗಿಂತ ಒಂದು ಮೆಟ್ಟಿಲು ಪ್ರಖರ.

"ಆದರೆ ಮೇಲೆ ದೀಪ ಅಂತ ಬರೀಲಿಲ್ಲ ಯಾಕೆ ಸರ್?"

"ಬರದರ ಮುಗೀತಲ್ಲ," ಎಂದರು. ಇಲ್ಲಿ ಅವರ ಧ್ವನಿ ತರಗತಿಯ ಧ್ವನಿಯಾಯಿತು. "ಹೆಸರು ಗೊತ್ತಾದ ಕೂಡಲೆ ಹುಡುಗ ಪುಸ್ತಕ ನೋಡ್ತಾನ. ಈ ಹೊತ್ತು ಇದು ಇಷ್ಟು ಇರಬೇಕು ಅಂತ ಗೊತ್ತಾಗ್ತದ. ಆಮ್ಯಾಲೆ ಕಣ್ಣು ಅದನ್ನ ನೋಡ್ತದ. ತಿಳದದ್ದು ಬರೀಬಾರದು, ಕಂಡದ್ದು ಬರೀಬೇಕು. ಅದಕ್ಕ ಹೆಸರಿಲ್ಲ, ದಿಕ್ಕಿಲ್ಲ. ಬರೇ ನಂಬರು."

"ಯಾವ ನಂಬರು ಯಾವುದು ಅಂತ ಎಲ್ಲಿ ಬರೆದಿದ್ದೀರಿ?"

ಪ್ರೊಫೆಸರರು ತಮ್ಮ ಹಣೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

"ಆತು ಬಿಡು," ಎಂದರು ಕಾಕು. "ಕಿರಾಣಿ ತರೂದು ಅಲ್ಲೇ ಇಟ್ಟಿರ್ತಾರ. ಉಪ್ಪು ಅಂತ ಹೋಗಿ ಬೆಲ್ಲ ತರ್ತಾರ."

ಅಂದಿನಿಂದ ನಮ್ಮ ಕೆಲಸ ನಕ್ಷತ್ರಗಳಿಂದ ದೀಪಗಳನ್ನು ಬೇರೆ ಮಾಡುವುದಾಯಿತು. ಒಂದೇ ಒಂದು ದೀಪ ನಕ್ಷತ್ರವೆಂದು ಕಪಾಟಿಗೆ ಹೋದರೆ ಮುಂದೆ ಅದನ್ನು ಕಂಡವರು ಉಳಿದ ಯಾವ ಕಾಗದವನ್ನೂ ನಂಬುವುದಿಲ್ಲ. ಪ್ರೊಫೆಸರರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆ ದಿನಗಳಲ್ಲಿ ಚಹಾ ಎಂಥದಿದ್ದರೂ ಸುಮ್ಮನೆ ಕುಡಿಯುತ್ತಿದ್ದರು.

ಬೇರೆ ಮಾಡುವುದು ಮೊದಮೊದಲು ಕಷ್ಟವಾಗಲಿಲ್ಲ. ನಕ್ಷತ್ರಕ್ಕೆ ವರ್ಷದಲ್ಲಿ ಕೆಲವು ತಿಂಗಳು ಸೂರ್ಯನ ಹಿಂದೆ ಮರೆಯಾಗುವ ಅಭ್ಯಾಸವಿದೆ. ವರ್ಷವಿಡೀ ಕಂಡದ್ದು ದೀಪ. ಮಳೆಗಾಲದಲ್ಲಿ ದಿನಾ ಕಂಡದ್ದು ದೀಪ. ಭಾನುವಾರಗಳಂದು ಕಾಣದೆ ಹೋದದ್ದು ಗೋದಾಮು. ಒಂದು ಆಕಾಶಕಾಯ ಪ್ರತಿ ವರ್ಷ ಗಣೇಶ ಚೌತಿಯಿಂದ ಅನಂತ ಚತುರ್ದಶಿಯವರೆಗೆ ವಿಪರೀತ ಪ್ರಜ್ವಲಿಸಿ ಮಾರನೆಯ ದಿನ ಒಮ್ಮೆಲೇ ಕುಗ್ಗುತ್ತಿತ್ತು. ಅದನ್ನು ನೋಡಿದ ವಿದ್ಯಾರ್ಥಿ ಅಂಚಿನಲ್ಲಿ 'ಅಪೂರ್ವ ಸ್ಫೋಟ?' ಎಂದು ಬರೆದಿದ್ದ. ದೀಪಗಳಿಗೆಂದೇ ಒಂದು ಟ್ರಂಕು ಬೇರೆ ಇಟ್ಟೆವು. ಅದು ತುಂಬುತ್ತ ಹೋದ ಹಾಗೆ ಕಾಕು ಹುರುಪಾದರು. ಪ್ರೊಫೆಸರರು ಮಾತ್ರ ಅದನ್ನು ರದ್ದಿ ಎನ್ನಲು ಬಿಡಲಿಲ್ಲ. "ನೋಡಿದ ಕಣ್ಣು ಅದ ಅಲ್ಲೇನು," ಎನ್ನುತ್ತಿದ್ದರು.

ಕೊನೆಗೆ ಎರಡು ಕಟ್ಟು ಉಳಿದವು. ಹದಿನೇಳು ಮತ್ತು ಹದಿನೆಂಟು. ಎರಡೂ ಪ್ರೊಫೆಸರರ ಸ್ವಂತ ಕೈಬರಹ. ಎರಡರಲ್ಲೂ ಅವೇ ದಿನಾಂಕಗಳು. ಎರಡೂ ದೀಪಾವಳಿಯ ನಂತರ ಶುರುವಾಗಿ ಬೇಸಿಗೆಯ ಮಧ್ಯದಲ್ಲಿ ನಿಲ್ಲುತ್ತಿದ್ದವು. ಎರಡರ ಬೆಳಕೂ ನಿಧಾನವಾಗಿ, ಯಾವ ಲೆಕ್ಕಕ್ಕೂ ಸಿಗದೆ ಏರಿಳಿಯುತ್ತಿತ್ತು. ಎರಡರ ಮೊದಲ ಪುಟದಲ್ಲೂ 'ಕೆಂಪು ಛಾಯೆ' ಎಂದಿತ್ತು.

"ಒಂದು ಆರಿದ್ರಾ," ಎಂದರು ಪ್ರೊಫೆಸರರು. ಮಳೆಯ ಹೆಸರಿನಿಂದ ಎಲ್ಲರಿಗೂ ಗೊತ್ತಿರುವ ಆರಿದ್ರಾ ಚಳಿಗಾಲದ ಸಂಜೆ ನೆತ್ತಿಯ ಹತ್ತಿರಕ್ಕೆ ಬರುವ ಕೆಂಪು ನಕ್ಷತ್ರ. ಹೇಗೆ ಹೆಚ್ಚುತ್ತದೆ, ಹೇಗೆ ಕುಗ್ಗುತ್ತದೆ ಎಂದು ಯಾರಿಗೂ ಖಚಿತವಾಗಿ ಹೇಳಲು ಬಾರದ್ದು. ಅದಕ್ಕಾಗಿಯೇ ಅವರು ಅದನ್ನು ಆರಿಸಿಕೊಂಡದ್ದು.

"ಇನ್ನೊಂದು?"

"ಇನ್ನೊಂದು ಕಂದೀಲು."

ವಡಾಲದ ಆಚೆ, ಸಮುದ್ರದ ನೀರು ಒಳನುಗ್ಗುವ ಖಾರಿಯ ಕಡೆ, ಆಗ ಉಪ್ಪಿನಾಗರಗಳಿದ್ದವು. ಮಳೆ ನಿಂತ ಮೇಲೆ ಅಲ್ಲಿ ಉಪ್ಪು ಬೆಳೆಯುವ ಕೆಲಸ ಶುರುವಾಗುತ್ತದೆ, ಮತ್ತೆ ಮಳೆ ಬರುವ ಮೊದಲು ಮುಗಿಯುತ್ತದೆ. ಆ ತಿಂಗಳುಗಳಲ್ಲಿ ಮಾತ್ರ ಕಾವಲುಗಾರ ಗುಡಿಸಲಿನ ಮುಂದಿನ ಬಿದಿರಿನ ಗಳಕ್ಕೆ ಕಂದೀಲು ತೂಗಿಹಾಕುತ್ತಿದ್ದ. ಮಸಿ ಹಿಡಿದಂತೆ ಮಂದವಾಗುತ್ತಿತ್ತು, ಗಾಜು ಒರೆಸಿದ ದಿನ ಬೆಳಗುತ್ತಿತ್ತು. ಮುಂಬಯಿಯಲ್ಲಿದ್ದ ಎಲ್ಲ ದೀಪಗಳ ಪೈಕಿ ಆರಿದ್ರಾ ನಕ್ಷತ್ರದ ಋತುಮಾನವನ್ನೇ ಪಾಲಿಸುತ್ತಿದ್ದ ಒಂದೇ ದೀಪ ಅದು. ಪ್ರೊಫೆಸರರು ಸರಿಯಾಗಿ ಅದನ್ನೇ ಹುಡುಕಿಕೊಂಡಿದ್ದರು.

"ಹಾಡುವವರು ಮೊದಲು ತಂಬೂರಿ ಶ್ರುತಿ ಮಾಡ್ಕೊಳ್ಳೂದಿಲ್ಲೇನು?" ಎಂದರು. "ನಾನೂ ಹಂಗ. ಊಟ ಆದ ಮ್ಯಾಲೆ ತಾರಸಿಗೆ ಹೋಗಿ, ಮೊದಲು ಕಂದೀಲು ನೋಡಿ ಕಣ್ಣು ಹದ ಮಾಡ್ಕೊಂಡು ಬರೀತಿದ್ದೆ. ಆಮ್ಯಾಲೆ ಆರಿದ್ರಾ."

"ಹಾಗಾದರೆ ಹದಿನೇಳು ಯಾವುದು ಸರ್?"

"ಹದಿನೇಳು ಆರಿದ್ರಾ. ಅದರಾಗ ಸಂಶಯನ ಇಲ್ಲ." ಒಂದು ವರ್ಷ ಮಾಘಮಾಸದಲ್ಲಿ ಅದು ಇದ್ದಕ್ಕಿದ್ದಂತೆ ಮಂಕಾದ ರಾತ್ರಿಯನ್ನು ಅವರು ವರ್ಣಿಸಿದರು. ತಣ್ಣನೆಯ ಗಾಳಿ, ದೂರದಲ್ಲಿ ಕೂಗುವ ಹಡಗಿನ ಭೋಂಗಾ, ತಾವು ಹಾಕಿಕೊಂಡಿದ್ದ ಹಸಿರು ಸ್ವೆಟರು, ಕೈಯಲ್ಲಿ ಹದಿನೇಳರ ಹಾಳೆ. ನಾನು ನಂಬಿಬಿಟ್ಟೆ. ಚೀಟಿ ಬರೆದೆ.

ಮರುದಿನ ಹೋದಾಗ, "ಹದಿನೆಂಟು ಆರಿದ್ರಾ," ಎಂದರು. ಅದೇ ಮಾಘಮಾಸ, ಅದೇ ಭೋಂಗಾ, ಅದೇ ಹಸಿರು ಸ್ವೆಟರು, ಕೈಯಲ್ಲಿ ಹದಿನೆಂಟರ ಹಾಳೆ.

"ನಿಮಗ ಹಸರು ಸ್ವೆಟರು ಯಾವತ್ತೂ ಇದ್ದಿದ್ದಿಲ್ಲ," ಎಂದರು ಕಾಕು.

"ಇತ್ತು."

"ಹೆಣದದ್ದು ನಾನು. ಇದ್ದದ್ದು ಬೂದಿ ಬಣ್ಣದ್ದು."

ಪ್ರೊಫೆಸರರು ಹದಿನೆಂಟರ ಹಾಳೆಯನ್ನು ತಿರುಗಿ ಕಟ್ಟಿಗೆ ಸೇರಿಸಿದರು. ಸ್ವೆಟರು ಹೋದ ಮೇಲೆ ಆ ರಾತ್ರಿಯೇ ಅವರ ಕೈಬಿಟ್ಟು ಹೋದಂತೆ ಕಂಡಿತು. ಅಷ್ಟು ನಿಖರವಾಗಿ ಹೇಳಿದ ಕಥೆ ಎರಡೂ ಕಟ್ಟಿಗೆ ಹೊಂದಿಕೊಂಡದ್ದನ್ನು ಕಂಡ ಮೇಲೆ ನಾನು ನಿಖರವಾದ ನೆನಪುಗಳನ್ನು ನೋಡುವ ರೀತಿ ಬದಲಾಯಿತು. ಹಸಿರು ಟ್ರಂಕು ನನ್ನ ತಲೆಗೆ ಬಂದದ್ದು ಪ್ರಾಯಶಃ ಆ ಸ್ವೆಟರಿನಿಂದಲೇ.

ನಾನು ಒಂದು ದಾರಿ ಹೇಳಿದೆ. "ಸರ್, ಹೊರದೇಶದವರು ಆರಿದ್ರಾ ನೋಡಿ ಪ್ರಕಟ ಮಾಡಿದ ಅಂಕಿಗಳು ಲೈಬ್ರರಿಯಲ್ಲಿ ಇರ್ತದಲ್ಲ. ಪಕ್ಕದಲ್ಲಿ ಇಟ್ಟು ನೋಡಿದ್ರೆ ಒಂದು ದಿನದ ಕೆಲಸ."

ಅವರು ನನ್ನನ್ನು ನೋಡಿದ ನೋಟ, ತಂಬೂರಿ ಯಾಕೆ, ಹಾರ್ಮೋನಿಯಂ ಇದೆಯಲ್ಲ ಎಂದವರನ್ನು ನೋಡುವಂತಿತ್ತು. "ಅವರ ಅಂಕಿಗೆ ಯಾವುದು ಹೊಂದ್ತದ ಅದನ್ನ ನಾ ನೋಡಿದ್ದು ಅನ್ನೂದೇನು? ಹಂಗಾದರ ನಾ ಮ್ಯಾಲ ಹೋಗಿ ನಿಂತದ್ದು ಯಾಕ? ಖೋಲಿಯಾಗ ಕೂತು ಅವರದ ನಕಲು ಮಾಡಿದ್ದರ ಕುತ್ತಿಗಿ ಆದರೂ ಉಳೀತಿತ್ತು."

"ಹಾಗಾದರೆ ಎರಡನ್ನೂ ಬಿಟ್ಟುಬಿಡುವ ಸರ್. ಬೇರೆ ಕಟ್ಟುಗಳು ಬೇಕಾದಷ್ಟು ಇವೆಯಲ್ಲ."

"ಅದಾವ," ಎಂದರು. "ಅವೆಲ್ಲ ಹುಡುಗರು ನೋಡಿದ್ದು, ತಂಗಿ. ಇವೆರಡ ನಾ ನೋಡಿದ್ದು."

ಕಾಕು ಒಳಗೆ ಪಾತ್ರೆಯ ಸದ್ದು ನಿಲ್ಲಿಸಿದ್ದರು. ಕಪಾಟಿನ ಮೇಲೆ ಅವರ ಹೆಸರಿದ್ದು ಒಳಗೆ ಅವರ ಕಣ್ಣಿನದು ಒಂದು ಹಾಳೆಯೂ ಇಲ್ಲದೆ ಹೋಗುವುದು, ಇಲ್ಲವೇ ಉಪ್ಪಿನ ಕಾವಲುಗಾರನ ಕಂದೀಲು ಆರಿದ್ರಾ ಎಂದು ಗಾಜಿನ ಹಿಂದೆ ಕೂರುವುದು. ಪ್ರೊಫೆಸರರಿಗೆ ಇದ್ದದ್ದು ಇವೆರಡೇ ದಾರಿ.

ಸಮಿತಿ ಬರುವ ಹಿಂದಿನ ವಾರ ಇರಬೇಕು, ಸಂಜೆ ಮೂವರೂ ತಾರಸಿಗೆ ಹೋದೆವು. ಅಲ್ಲಿ ನಿಂತರೆ ನೆನಪಾದೀತು ಎಂದು ಕಾಕು ಹೇಳಿದ್ದರು. ಅವರಿಗೆ ಒಣಗಿಸಿದ್ದ ಸಂಡಿಗೆ ಒಳಗೆ ತರಬೇಕಿತ್ತು ಕೂಡ. ಸೂರ್ಯ ಆಗಷ್ಟೇ ಮುಳುಗಿದ್ದ. ಆರಿದ್ರಾ ಆ ದಿನಗಳಲ್ಲಿ ಸೂರ್ಯನ ಬೆನ್ನಿಗೇ, ಪೂರ್ತಿ ಕತ್ತಲಾಗುವ ಮೊದಲು, ಮುಳುಗಿಬಿಡುತ್ತದೆ, ಆದ್ದರಿಂದ ಅದು ಇರಲಿಲ್ಲ. ಉಪ್ಪಿನ ಕೆಲಸ ಮುಗಿದಿತ್ತು, ಆದ್ದರಿಂದ ಕಂದೀಲೂ ಇರಲಿಲ್ಲ. ಇದ್ದದ್ದು ಪೂರ್ವಕ್ಕೆ ಕಾರ್ಖಾನೆಯ ಚಿಮಣಿಯ ಬೆಂಕಿ ಒಂದೇ.

ಪ್ರೊಫೆಸರರು ಅದನ್ನು ಕಣ್ಣು ಕಿರಿದು ಮಾಡಿ ನೋಡಿದರು. "ಇದಕ್ಕ ಹೋಲಿಸ್ಲಿಕ್ಕೆ ಪಕ್ಕದಾಗ ಏನೂ ಇಲ್ಲ," ಎಂದರು.

"ನಿಂದ್ರಬ್ಯಾಡ್ರಿ, ಸಂಡಿಗಿ ತುಳೀತೀರಿ," ಎಂದರು ಕಾಕು.

ಸಮಿತಿ ಬಂದದ್ದು ಒಂದು ಮಧ್ಯಾಹ್ನ. ಕಾಕು ಪ್ರೊಫೆಸರರಿಗೆ ಗಂಜಿ ಹಾಕಿದ ಹೊಸ ಶರ್ಟು ತೊಡಿಸಿದ್ದರು. ಮೊದಲು ಏದುಸಿರು ಬಿಡುತ್ತ ಬಂದವರು ರಿಜಿಸ್ಟ್ರಾರ್ ಸಾಹೇಬರು. ಅವರ ಹಿಂದೆ ರಸಾಯನಶಾಸ್ತ್ರದ ಒಬ್ಬರು. ಇವರು ಮಾತಾಡಿದ್ದು ನನಗೆ ನೆನಪಿಲ್ಲ, ಕಾಕು ಮಾಡಿದ ಶಿರಾ ಎರಡನೇ ಸಲ ಹಾಕಿಸಿಕೊಂಡದ್ದು ನೆನಪಿದೆ. ಮೂರನೆಯವರು ದಕ್ಷಿಣದ ಒಂದು ವೀಕ್ಷಣಾಲಯದಲ್ಲಿದ್ದು ನಿವೃತ್ತರಾದ ಮೈಸೂರು ಕಡೆಯ ಹಿರಿಯರು. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಚೆಂಬೂರಿಗೆ ಬಂದು, ಅಲ್ಲಿ ತಮಗೇನೂ ಕೆಲಸವಿಲ್ಲದೆ, ಸಮಿತಿಗೆ ಖರ್ಚಿಲ್ಲದೆ ಸಿಕ್ಕಿದ್ದರು. ಮೂವರೂ ಟ್ರಂಕುಗಳ ಮೇಲೆ ಕೂತರು. ರಿಜಿಸ್ಟ್ರಾರರು ಕೊಂಡಿಯ ಮೇಲೆ ಕೂತದ್ದನ್ನು ನೋಡಿಯೂ ನಾನು ಸುಮ್ಮನಿದ್ದೆ.

ಕಟ್ಟುಗಳನ್ನು ಒಂದೊಂದಾಗಿ ನೋಡಿದರು. ಚೀಟಿ ಓದಿದರು, ತಲೆದೂಗಿದರು. ಹದಿನೇಳು ಹದಿನೆಂಟರ ಚೀಟಿ ಖಾಲಿ ಇದ್ದವು.

"ಯೆ ಕ್ಯಾ ಹೈ, ಪ್ರೊಫೆಸರ್ ಸಾಹೇಬ್?" ಎಂದರು ರಿಜಿಸ್ಟ್ರಾರರು.

ಪ್ರೊಫೆಸರರು ಎದ್ದು ನಿಂತರು. ಏನೋ ಒಂದು ಹೇಳಿ ದಾಟಿಸಿಬಿಡಲಿ ಎಂದು ನಾನು ಬಯಸಿದ್ದೆ. ಅವರು ಸ್ಪಷ್ಟವಾಗಿ, ಇಂಗ್ಲಿಷಿನಲ್ಲಿ, ಒಂದು ಆರಿದ್ರಾ ಇನ್ನೊಂದು ಕಂದೀಲು, ಯಾವುದು ಯಾವುದೆಂದು ನನಗೆ ನೆನಪಿಲ್ಲ ಎಂದರು.

ರಿಜಿಸ್ಟ್ರಾರರು ಟ್ರಂಕಿನ ಮೇಲೆಯೇ ಮುಂದಕ್ಕೆ ಬಾಗಿದರು. "ಸ್ಟಾರ್ ಹೈ ಕಿ ಲಾಲ್‌ಟೇನ್ ಹೈ, ಆಪಕೋ ಮಾಲೂಮ್ ನಹೀ?"

"ನಹೀ."

"ಸಾಹೇಬ್, ಲೈಬ್ರರಿ ಮೇ ಡೌಟ್ ರಖನೇ ಕಾ ಕಪಾಟ್ ನಹೀ ಹೈ." ಸಂಶಯ ಇಡುವ ಕಪಾಟು ಲೈಬ್ರರಿಯಲ್ಲಿಲ್ಲ ಎಂದು ಅವರು ಚೀಲದ ಬಾಯಿ ಮುಚ್ಚಿದರು. "ಇದರಲ್ಲಿ ಹೀಗಿದ್ದರೆ ಉಳಿದದ್ದೂ ಹೀಗೇ ಅಲ್ಲವೇ?" ಎಂಬ ಅರ್ಥದ ಮಾತು ಮರಾಠಿಯಲ್ಲಿ ರಸಾಯನದವರಿಗೆ ಹೇಳಿದರು. ರಸಾಯನದವರು ಬಾಯಲ್ಲಿ ಶಿರಾ ಇದ್ದುದರಿಂದ ಭುಜ ಹಾರಿಸಿದರು. ಅಡಿಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ಬರುತ್ತಿದ್ದ ಕಾಕು ಅಲ್ಲೇ ನಿಂತರು.

"ತಡೀರಿ ಸ್ವಾಮಿ," ಎಂದರು ಮೈಸೂರಿನ ಹಿರಿಯರು. "ನಾನಿನ್ನೂ ಇದನ್ನ ಓದೇ ಇಲ್ಲ." ಹದಿನೇಳನೇ ಕಟ್ಟು ಬಿಚ್ಚಿ, ಯಾರಿಗೆಂದಿಲ್ಲದೆ ಗಟ್ಟಿಯಾಗಿ ಓದತೊಡಗಿದರು. ದಿನಾಂಕ, ಮೊದಲನೆಯದಕ್ಕಿಂತ ಮೂರು ಮೆಟ್ಟಿಲು ಕಡಿಮೆ, ಎರಡನೆಯದಕ್ಕಿಂತ ಒಂದು ಹೆಚ್ಚು. ಮುಂದಿನ ದಿನಾಂಕ. ಪಂಚಾಂಗ ಓದುವವರ ರಾಗದಲ್ಲಿ ಒಂದೇ ಸಮನೆ ಓದಿದರು. ಪ್ರೊಫೆಸರರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಗದ್ದ ಮೆಲ್ಲಗೆ ಮೇಲೆದ್ದಿತು. ಬಲಗೈ ತಾನಾಗಿ ಹೋಗಿ ಕುತ್ತಿಗೆಯ ಹಿಂದೆ, ಎಡಕ್ಕೆ, ಕೂತಿತು.

"ಹಾಂ! ನೋಡ್ರಿ, ನೋಡ್ರಿ!" ಎಂದರು ಕಾಕು.

ಪ್ರೊಫೆಸರರು ಕಣ್ಣು ಬಿಟ್ಟರು. "ಏನು?"

"ಕುತ್ತಿಗಿ! ಕಂದೀಲು ಎಲ್ಲಿತ್ತು? ಎದುರಿಗೆ. ಕಂದೀಲು ನೋಡಿದವರಿಗೆ ಕುತ್ತಿಗಿ ಯಾಕ ನೋಯ್ತದ್ರಿ?"

ಹಿರಿಯರು ಕಾಕುವನ್ನು ನೋಡಿದರು, ಪ್ರೊಫೆಸರರ ಕೈಯನ್ನು ನೋಡಿದರು. ಮಾತಾಡದೆ ಹದಿನೆಂಟನ್ನು ಎತ್ತಿಕೊಂಡು ಅದೇ ರಾಗದಲ್ಲಿ ಓದಿದರು. ಪ್ರೊಫೆಸರರ ಕೈ ತೊಡೆಗೆ ಇಳಿಯಿತು. ಅವರು ಕಿಟಕಿಯಾಚೆ, ನೇರವಾಗಿ, ಕಣ್ಣು ಕಿರಿದು ಮಾಡಿ ನೋಡತೊಡಗಿದರು.

"ಎಡಗಡೇನಾ ಸ್ವಾಮಿ ನಿಮಗೆ?" ಎಂದು ಕೇಳಿದರು ಹಿರಿಯರು.

"ಎಡಕ್ಕ."

"ನನಗೂ ಎಡಗಡೇನೇ." ಅವರು ತಮ್ಮ ಕುತ್ತಿಗೆಯನ್ನು ಮುಟ್ಟಿಕೊಂಡರು. "ಮೋಡದ ದಿನ ನೋವು ಜಾಸ್ತಿ. ಎಳ್ಳೆಣ್ಣೇನಾ, ಕೊಬ್ಬರಿ ಎಣ್ಣೇನಾ?"

"ಎಳ್ಳೆಣ್ಣಿ," ಎಂದರು ಕಾಕು. "ಒಂದಿಷ್ಟು ಅಜವಾನ ಹಾಕಿ ಕಾಸಬೇಕ್ರಿ."

ಸಮಿತಿಯ ಮುಂದಿನ ಕೆಲವು ನಿಮಿಷ ಎಣ್ಣೆ ಕಾಸುವ ಕ್ರಮಕ್ಕೆ ಹೋಯಿತು. ಆಮೇಲೆ ಹಿರಿಯರು ರಿಜಿಸ್ಟ್ರಾರರ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ವೀಕ್ಷಕರು ಸ್ವತಃ ಸಾಕ್ಷ್ಯ ನೀಡಿದ್ದಾರೆ, ಹದಿನೇಳು ಆರಿದ್ರಾ ಎಂದು ತಮಗೆ ಮನವರಿಕೆಯಾಗಿದೆ ಎಂದರು. ರಿಜಿಸ್ಟ್ರಾರರಿಗೆ ಏನು ಸಾಕ್ಷ್ಯ ಎಂದು ಗೊತ್ತಾಗಲಿಲ್ಲ, ಅಷ್ಟು ಹೊತ್ತು ಮಾತು ಕನ್ನಡದಲ್ಲಿ ನಡೆದಿತ್ತು. ಅವರು ಕೇಳಲೂ ಇಲ್ಲ. ಕೊಂಡಿಯ ಮೇಲಿಂದ ಏಳುವ ಅವಸರ ಅವರಿಗಿತ್ತು.

"ಅಷ್ಟಕ್ಕೂ ಅನುಮಾನ ಇದ್ದರೆ ಪ್ರಕಟವಾದ ಅಂಕಿಗಳ ಜೊತೆ ಹೋಲಿಸಿ ನೋಡಬಹುದು," ಎಂದು ಹಿರಿಯರು ಹೊರಡುವಾಗ ಸೇರಿಸಿದರು.

"ನಾ ಸತ್ತ ಮ್ಯಾಲೆ ಹೋಲಿಸ್ರಿ," ಎಂದರು ಪ್ರೊಫೆಸರರು. ಹಿರಿಯರು ಅದನ್ನು ಅನುವಾದಿಸಿದರು. ರಿಜಿಸ್ಟ್ರಾರರು ಷರತ್ತೆಂದು ಬರೆದುಕೊಂಡರು.

ಇದು ನಾನು ಹಲವರಿಗೆ ಹೇಳಿರುವ ಕಥೆ, ಹೇಳಿದಾಗಲೆಲ್ಲ ಚೆನ್ನಾಗಿ ಕೂಡುತ್ತದೆ. ಅದಕ್ಕೇ ನನಗೆ ಇದರ ಮೇಲೆ ಸಂಶಯ. ಗಂಜಿ ಹಾಕಿದ ಹೊಸ ಕಾಲರು ಅವರ ಕುತ್ತಿಗೆಗೆ ಒತ್ತುತ್ತಿತ್ತು, ಅದನ್ನು ನಾನು ಬಾಗಿಲಲ್ಲೇ ನೋಡಿದ್ದೆ. ಇನ್ನು ಕಿಟಕಿ. ಆ ಕೋಣೆಯಲ್ಲಿ ಟ್ರಂಕಿನ ಮೇಲೆ ಕೂತವರಿಗೆ ನೋಡಲು ಇದ್ದದ್ದು ಆ ಒಂದು ಕಿಟಕಿಯೇ.

ಕೈಗಾಡಿ ಬಂದ ದಿನ ಮಳೆಯೂ ಬಂತು. ಆಕಾಶ ಬೆಳಿಗ್ಗೆಯೇ ಮುಚ್ಚಿತ್ತು. ಟ್ರಂಕುಗಳಿಗೆ ಹೊದಿಸಲು ಟಾರ್ಪಾಲು ತರಲು ಗಾಡಿಯವರು ಕೆಳಗೆ ಹೋಗಿದ್ದರು. ದೀಪಗಳ ಟ್ರಂಕು ಮನೆಯಲ್ಲೇ ಉಳಿಯುವುದೆಂದು ತೀರ್ಮಾನವಾಗಿತ್ತು. ಕಾಕು ಅದರ ಮೇಲೆ ಆಗಲೇ ಹೊಲಿಗೆ ಯಂತ್ರ ಇಟ್ಟಿದ್ದರು. ಹದಿನೆಂಟು ಮಾತ್ರ ಕಪಾಟಿಗೆ ಹೋಗಲೇಬೇಕು ಎಂದು ಪ್ರೊಫೆಸರರು ಹಟ ಹಿಡಿದಿದ್ದರು. ಶ್ರುತಿ ಮಾಡದೆ ಹಾಡಿದ ಎಂದು ನಾಳೆ ಯಾರೂ ಅನ್ನಬಾರದಂತೆ.

ನಾನು ಕೊನೆಯ ಎರಡು ಚೀಟಿ ಬರೆದು, ಗೋಂದಿನ ಬಾಟಲಿ ಬಿಚ್ಚಿ, ತಪ್ಪಾಗದಿರಲಿ ಎಂದು ಗಟ್ಟಿಯಾಗಿ ಓದಿದೆ. "ಹದಿನೇಳು, ಆರಿದ್ರಾ." ಅಂಟಿಸಿದೆ. ಮುಂದಿನ ಕಟ್ಟು ಬಿಚ್ಚಿ, ಇದೇ ಹೌದೋ ಎಂದು ಒಂದು ಸಾಲು ಓದಿದೆ. "ಮೊದಲನೆಯದಕ್ಕಿಂತ ಎರಡು ಮೆಟ್ಟಿಲು ಕಡಿಮೆ. ಹದಿನೆಂಟು, ಕಂದೀಲು."

ತಲೆಯೆತ್ತಿದೆ. ಪ್ರೊಫೆಸರರು ಮನೆಯಲ್ಲಿ ತೊಡುವ ಹಳೆಯ ಬನಿಯನ್ನಿನಲ್ಲಿದ್ದರು, ಕಾಲರಿರಲಿಲ್ಲ. ಕಣ್ಣು ಮುಚ್ಚಿತ್ತು, ಗದ್ದ ಮೇಲೆದ್ದಿತ್ತು, ಬಲಗೈ ಕುತ್ತಿಗೆಯ ಹಿಂದೆ, ಎಡಕ್ಕೆ, ಇತ್ತು.

ನಾನು ಚೀಟಿಯನ್ನು ಬೆರಳಲ್ಲಿ ಹಿಡಿದೇ ಕೂತೆ. ಗೋಂದು ಒಣಗುತ್ತಿತ್ತು. ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು, ತಮ್ಮ ಕೈ ಎಲ್ಲಿದೆ ಎಂದು ಅವರಿಗೆ ಗೊತ್ತಾಯಿತು. ಅಡಿಗೆಮನೆಯಲ್ಲಿ ಕಾಕು ಬಟ್ಟಲಿಗೆ ಎಣ್ಣೆ ಸುರಿಯುವ ಸದ್ದು. ಜಿನೆಯಲ್ಲಿ ಗಾಡಿಯವರ ಹೆಜ್ಜೆ.

"ಅಂಟಸು, ತಂಗಿ," ಎಂದರು ಮೆಲ್ಲಗೆ. "ಅಂಟಸು, ಅಂಟಸು. ಆಕಿ ಬರೂದ್ರಾಗ ಅಂಟಸು."